ತಿಪ್ಪವ್ವನ ಮನೆಗೆ ಸಿಗ್ನಲ್ ಬಂತು

ನನ್ನ ಗಂಡ ತೀರಿಕೊಂಡ ಸುದ್ದಿಯನ್ನು ನನಗೆ ಮೊದಲು ಮುಟ್ಟಿಸಿದ್ದು ರೀಚಾರ್ಜ್ ಆಫರಿನ ಒಂದು ಮೆಸೇಜು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಗೋಡೆಯ ಮಾಡದಲ್ಲಿಟ್ಟಿದ್ದ ಮೊಬೈಲು ಗುಂಯ್ ಅಂತು. ನಮ್ಮ ಊರಿನ ಯಾವ ಹೆಂಗಸಿಗೂ ಆ ಸದ್ದಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ಪಡಸಾಲೆಗೆ ಓಡಿದೆ. ಜ್ವರ ಬಂದು ಮಲಗಿದ್ದ ಮನುಷ್ಯ ಗೋಡೆಯ ಕಡೆ ಮುಖ ಮಾಡಿಕೊಂಡು ಹಾಗೇ ಇದ್ದ. ಕಾಲು ಮುಟ್ಟಿದೆ, ತಣ್ಣಗಿತ್ತು. ನಾನಿನ್ನೂ ಬಾಯಿ ತೆರೆದಿರಲಿಲ್ಲ, ಅಷ್ಟರಲ್ಲೇ ಅಂಗಳದಲ್ಲಿ ಚಪ್ಪಲಿ ಬಿಡುವ ಸದ್ದು. ಎಲ್ಲರಿಗಿಂತ ಮೊದಲು ಒಳಗೆ ಬಂದವಳು ಪಕ್ಕದ ಮನೆಯ ತಿಪ್ಪವ್ವ. ಬಂದವರಲ್ಲಿ ಅವಳೊಬ್ಬಳ ಕೈಯಲ್ಲಿ ಮಾತ್ರ ಮೊಬೈಲು ಇರಲಿಲ್ಲ. ನನ್ನ ಹಿಟ್ಟಿನ ಕೈಯನ್ನು ತನ್ನ ಸೆರಗಿನಲ್ಲಿ ಒರೆಸುತ್ತ, "ಮೊದಲ ಅಳು, ಕಸ್ತೂರಿ. ಉಳಿದದ್ದೆಲ್ಲಾ ಕಾಯ್ತೈತಿ" ಅಂದಳು.

ನಮ್ಮ ಊರಿಗೆ ಸಿಗ್ನಲ್ ಬರುವುದು ಹೀಗೆಯೇ, ಯಾರಾದರೂ ಸತ್ತಾಗ ಮಾತ್ರ. ಹೆಣ ಮನೆಯಲ್ಲಿರುವವರೆಗೆ ಆ ಮನೆ, ಆ ಅಂಗಳ, ಬಹಳವೆಂದರೆ ಪಕ್ಕದ ಕಟ್ಟೆ. ಹೆಣ ಹೊಸ್ತಿಲು ದಾಟಿತೋ, ಹೋಯಿತು. ಊರ ಹಿಂದಿನ ಸುಣ್ಣಗಲ್ಲಿನ ಗುಡ್ಡದ ಮೇಲೆ ಟವರ್ ಇದೆ. ಅದರ ನೆತ್ತಿಯ ಮೇಲೆ ಕೆಂಪು ದೀಪವೂ ಉರಿಯುತ್ತದೆ. ಅದನ್ನು ರಿಪೇರಿ ಮಾಡಲು ಬಂದವರೆಲ್ಲ ಎಲ್ಲ ಸರಿಯಾಗಿದೆ ಎಂದು ಹೇಳಿ, ನಮ್ಮ ಮನೆಗಳಲ್ಲಿ ಚಹಾ ಕುಡಿದು ಹೋಗಿದ್ದಾರೆ.

ಬೇರೆ ದಾರಿ ಹುಡುಕಲಿಲ್ಲವೆಂದಲ್ಲ. ಕೋಳಿ ಕೊಯ್ದು ನೋಡಿದರು. ಸಿಗ್ನಲ್ ಬರಲಿಲ್ಲ, ಕೋಳಿ ಸಾರಾಯಿತು. ಯಾರದೋ ಮುದಿ ಎತ್ತು ಸತ್ತಾಗ ಅದರ ಸುತ್ತ ಫೋನು ಹಿಡಿದು ಕೂತರು. ಒಮ್ಮೆ ದುರುಗಪ್ಪನೆಂಬ ಆಸಾಮಿ ಬಿಳಿ ಬಟ್ಟೆ ಹೊದ್ದು ಮಲಗಿ, ಅವನ ಹೆಂಡತಿ ಎದೆ ಬಡಿದುಕೊಂಡು ಅತ್ತು, ಓಣಿಗೆ ಓಣಿಯೇ ಕಣ್ಣೀರು ಹಾಕಿದರೂ ಫೋನಿನ ಮೇಲೆ ಒಂದು ಗೆರೆ ಮೂಡಲಿಲ್ಲ. ಹೊದ್ದು ಮಲಗಿದವನು ನಿದ್ದೆ ಹತ್ತಿ ಗೊರಕೆ ಹೊಡೆದ. ಅವನ ಹೆಂಡತಿಗೆ ಮಾತ್ರ ಅಳು ನಿಲ್ಲಲು ಸಂಜೆಯಾಯಿತು. ಆಮೇಲೆ ಜನ ಇಂಥ ಆಟಗಳನ್ನು ಬಿಟ್ಟರು.

ಬಿಟ್ಟು, ಇದ್ದುದಕ್ಕೆ ಹೊಂದಿಕೊಂಡರು. ಈಗ ನಮ್ಮಲ್ಲಿ ಸಾವಿಗೊಂದು ಶಿಸ್ತು ಇದೆ. ಅಳುವವರು ಒಳಗೆ, ಫೋನು ಒತ್ತುವವರು ಅಂಗಳದಲ್ಲಿ. ಸುಣ್ಣದ ಭಟ್ಟಿಯ ಮೇಸ್ತ್ರಿ ದಸ್ತಗೀರಸಾಬರು ಬಾಗಿಲಲ್ಲಿ ನಿಂತು ಸರದಿ ಹಚ್ಚುತ್ತಾರೆ. ಮೊದಲು ಸತ್ತವರ ಮನೆಯವರು, ಆಮೇಲೆ ರೋಗಿಗಳು, ಆಮೇಲೆ ರೇಷನ್ನಿಗೆ ಹೆಬ್ಬೆಟ್ಟು ಒತ್ತುವವರು, ತಾವಿನ್ನೂ ಬದುಕಿದ್ದೇವೆಂದು ಪಿಂಚಣಿಗಾಗಿ ಮುಖ ತೋರಿಸುವ ಮುದುಕರು. ಹೊತ್ತು ಉಳಿದರೆ, ದೂರದಲ್ಲಿರುವ ಮಗಳ ಮುಖ ನೋಡಬೇಕೆನ್ನುವವರು. ಮೊದಲ ತಾಸು ಯಾರ ಕೆಲಸವೂ ಆಗುವುದಿಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದ ಫೋನುಗಳೆಲ್ಲ ಒಮ್ಮೆಲೇ ಎಚ್ಚತ್ತು ಅಪ್‌ಡೇಟ್ ಕೇಳುತ್ತವೆ. ಆ ತಾಸನ್ನು ನಾವು ಅಳುವುದಕ್ಕೆ ಬಿಟ್ಟುಕೊಂಡಿದ್ದೇವೆ. ಇನ್ನೊಂದು ಕಟ್ಟಳೆಯೂ ಇದೆ: ಯಾರ ಮನೆಯ ಸಿಗ್ನಲ್ ಬಳಸಿದೆವೋ ಅವರ ಕುಣಿಗೆ ಒಂದು ಹಿಡಿ ಮಣ್ಣು ಹಾಕದೆ ಮನೆಗೆ ಹೋಗುವಂತಿಲ್ಲ. ಹೆಂಗಸಾಗಲಿ, ಮಾತು ಬಿಟ್ಟ ದಾಯಾದಿಯಾಗಲಿ, ಯಾವ ಜಾತಿಯವರೇ ಆಗಲಿ, ಹಾಕಲೇಬೇಕು. ಹೀಗಾಗಿ ನಮ್ಮ ಊರಿನ ಗೋರಿಗಳು ಬೇರೆ ಊರಿನ ಗೋರಿಗಳಿಗಿಂತ ಎತ್ತರ.

ಮೃದುಲಾ ಮೇಡಂ ಬಂದದ್ದು ನನ್ನ ಗಂಡ ಸತ್ತ ಮರುವರ್ಷ. ಅವರದು ದೊಡ್ಡ ಸಂಸ್ಥೆ. ಮರಳುಗಾಡು, ದ್ವೀಪ, ಹಿಮದ ನಾಡು, ಎಲ್ಲೆಲ್ಲಿ ಬಡವರ ಕೈಗೆ ಇಂಟರ್‌ನೆಟ್ ಎಟುಕಿಲ್ಲವೋ ಅಲ್ಲೆಲ್ಲ ಹೋಗಿ ಮುಟ್ಟಿಸುತ್ತಾರಂತೆ. ಹಳೆಯ ಚಾವಡಿಗೆ ನೀಲಿ ಬಣ್ಣ ಬಳಿಸಿದರು, ಟ್ಯಾಬುಗಳನ್ನು ತಂದಿಟ್ಟರು, ಗೋಡೆಯ ಮೇಲೆ ಕೈ ಕೈ ಹಿಡಿದು ನಗುವ ಮಕ್ಕಳ ಚಿತ್ರ ಬರೆಸಿದರು. ನಾನು ಓದು ಬರಹ ಬಲ್ಲವಳು, ಯಾರ ಮಾತಿಗೂ ಬಗ್ಗದವಳು, ಮನೆಯಲ್ಲಿ ಕೇಳುವವರೂ ಇಲ್ಲದವಳು. ಸಹಾಯಕಿಯೆಂದು ನನ್ನನ್ನೇ ಹಿಡಿದರು. ಮೊದಲ ದಿನದ ಪಾಠಕ್ಕೆ ಹೆಂಗಸರೆಲ್ಲ ಕೂತಿದ್ದರು. ತಿಪ್ಪವ್ವ ಮುಂದಿನ ಸಾಲಿನಲ್ಲೇ ಇದ್ದಳು.

"ಪಟ್ಟಣದವರಿಗೆ ಸಿಗೋ ಸೌಲಭ್ಯ ನಿಮಗೆ ಸಿಗ್ತಿಲ್ಲ. ಇಬ್ಬರ ನಡುವೆ ಒಂದು ಅಂತರ ಇದೆ. ಆ ಅಂತರ ಕಡಿಮೆ ಮಾಡೋದೇ ನಮ್ಮ ಕೆಲಸ" ಎಂದರು ಮೇಡಂ.

"ಎಷ್ಟ್ ಅಂತರ ಐತ್ರೀ ಬಾಯಾರ?" ತಿಪ್ಪವ್ವ ಕೇಳಿದಳು.

"ಅಂದ್ರೆ?"

"ಅಲ್ರೀ, ಅಳತಿ ಹೇಳ್ತೀನಿ ತಗೋರಿ. ಒಂದು ಹೆಣದಷ್ಟು."

ಹೆಂಗಸರೆಲ್ಲ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕರು. ಮೇಡಂಗೆ ಅರ್ಥವಾಗಲಿಲ್ಲ. ಆ ವಾರವೇ ಅಗಸರ ಓಣಿಯಲ್ಲಿ ಒಬ್ಬರು ತೀರಿಕೊಂಡಾಗ ಅವರನ್ನೂ ಕರೆದುಕೊಂಡು ಹೋದೆ. ಅಂಗಳದಲ್ಲಿ ಸಾಲಾಗಿ ಕೂತು ಫೋನು ಒತ್ತುತ್ತಿದ್ದ ಜನರನ್ನು ನೋಡಿ ಅವರ ಮುಖ ಬಿಳಿಚಿತು, ಬೇಲಿಯ ಪಕ್ಕ ಹೋಗಿ ವಾಂತಿ ಮಾಡಿಕೊಂಡರು. ಒಳ್ಳೆಯ ಹುಡುಗಿ, ಸುಳ್ಳು ಹೇಳಬಾರದು. ಆದರೆ ಮನುಷ್ಯರು ಯಾವುದಕ್ಕೆ ತಾನೇ ಒಗ್ಗುವುದಿಲ್ಲ? ಮೊದಮೊದಲು ತಿಂಗಳಿಗೊಮ್ಮೆ ಬಂದಾಗ ತಲೆ ತಗ್ಗಿಸಿ, "ಈ ತಿಂಗಳು ಏನಾದ್ರೂ... ಆಯ್ತಾ, ಕಸ್ತೂರಿಯವರೇ?" ಎಂದು ಕೇಳುತ್ತಿದ್ದವರು, ವರ್ಷ ಕಳೆಯುವುದರೊಳಗೆ ಬಾಗಿಲಲ್ಲೇ ನಿಂತು, "ಈ ತಿಂಗಳು ಎಷ್ಟು?" ಅನ್ನತೊಡಗಿದರು. ಅವರ ಮೇಲಿನವರು ಅವರನ್ನು ಕೇಳುತ್ತಿದ್ದರೇನೋ.

ಈಗ ತಿಪ್ಪವ್ವನ ಮೊಮ್ಮಗಳ ವಿಷಯ ಹೇಳಬೇಕು. ಭೀಮವ್ವ ಅಂತ ಹೆಸರು, ನಾವೆಲ್ಲ ಭೀಮಿ ಅನ್ನುತ್ತೇವೆ. ಅಪ್ಪ ಅವ್ವ ಇಬ್ಬರೂ ಭಟ್ಟಿ ಕುಸಿದು ಸತ್ತವರು. ಹುಡುಗಿಯನ್ನು ಅಜ್ಜಿಯೇ ಸಾಕಿದ್ದಳು. ನಮ್ಮ ಊರಿನವರೆಲ್ಲರ ಅನ್ನ ಸುಣ್ಣದಿಂದಲೇ. ಗುಡ್ಡದ ಕಲ್ಲು ತಂದು ಭಟ್ಟಿಯಲ್ಲಿ ಸುಡುವುದು, ಸುಟ್ಟ ಕಲ್ಲಿಗೆ ನೀರು ಹಾಕಿ ಅರಳಿಸುವುದು. ನೀರು ಬಿದ್ದೊಡನೆ ಕಲ್ಲು ಕುದಿಯತೊಡಗುತ್ತದೆ. ಆಗ ದೂರ ನಿಲ್ಲಬೇಕು. ಮೇಡಂ ಬಂದ ಮರುವರ್ಷದ ಬೇಸಿಗೆಯಲ್ಲಿ ಭೀಮಿ ಅಜ್ಜಿಗೆ ಬುತ್ತಿ ಕೊಡಲು ಹೋದವಳು ದೂರ ನಿಲ್ಲಲಿಲ್ಲ. ಬಲಗಣ್ಣು ಅವತ್ತೇ ಬೆಳ್ಳಗಾಯಿತು. ಎಡಗಣ್ಣಿಗೆ ಸ್ವಲ್ಪವೇ ಸಿಡಿದಿತ್ತು. ಅದು ನಿಧಾನವಾಗಿ ಮಂಜಾಗುತ್ತ ಬಂತು. ಕಣ್ಣಿನ ಶಿಬಿರಕ್ಕೆ ಬಂದ ಡಾಕ್ಟರು ದೀಪ ಬಿಟ್ಟು ನೋಡಿ, ಬರುವ ಬೇಸಿಗೆಯೊಳಗೆ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆದರೆ ಎಡಗಣ್ಣು ಉಳಿಯುತ್ತದೆ, ತಡವಾದರೆ ಅದೂ ಹೋಗುತ್ತದೆ ಎಂದರು. ಆಪರೇಷನ್ ಬಿಟ್ಟಿಯೇ, ಆದರೆ ಫೋನಿನಲ್ಲಿ ಅರ್ಜಿ ಹಾಕಿ ತಾರೀಖು ಪಡೆಯಬೇಕು.

ಸೀದಾ ಆಸ್ಪತ್ರೆಗೇ ಹೋಗಬಾರದಿತ್ತೇ ಎನ್ನುವವರು ಇರುತ್ತಾರೆ. ಹೋಗಿದ್ದೆವು. ಮೂವರೂ ಬಸ್ಸು ಹತ್ತಿ ಹೋಗಿ ಅಲ್ಲಿನ ಕೌಂಟರಿನ ಮುಂದೆ ನಿಂತೆವು. ಒಳಗಿದ್ದವನು ತಲೆ ಎತ್ತದೆ, "ಆನ್‌ಲೈನ್‌ನಲ್ಲಿ ಮಾಡಿಕೊಂಡು ಬನ್ನಿ" ಅಂದ. ಹೊರಗೆ ಮೆಟ್ಟಿಲ ಮೇಲೆ ಕೂತು ಟ್ಯಾಬು ತೆರೆದೆ. ಯಾರೂ ಸಾಯದೆಯೇ ಗೆರೆಗಳೆಲ್ಲ ತುಂಬಿ ನಿಂತಿದ್ದವು. ಅದನ್ನು ನೋಡಿ ತಿಪ್ಪವ್ವ ಗಾಬರಿಯಾಗಿ ಸುತ್ತಮುತ್ತ ನೋಡಿದಳು. ಹೆಸರು ಹಾಕಿದೆ, ಊರಿನ ಹೆಸರು ಒತ್ತಿದೆ. 'ಅರ್ಜಿಯನ್ನು ನಿಮ್ಮ ನೋಂದಾಯಿತ ವಾಸಸ್ಥಳದಿಂದಲೇ ಸಲ್ಲಿಸತಕ್ಕದ್ದು' ಎಂದು ಬಂತು. ಮತ್ತೆ ಮತ್ತೆ ಒತ್ತಿದರೂ ಅದೇ. ಬಸ್ಸಿನಲ್ಲಿ ವಾಪಸು ಬರುವಾಗ ಭೀಮಿ ಕಿಟಕಿಗೆ ಮುಖ ಹಚ್ಚಿಕೊಂಡು, ಅಂಗಡಿಗಳ ಬೋರ್ಡನ್ನು ಒಂದೊಂದೇ ಅಕ್ಷರ ಓದಲು ನೋಡುತ್ತಿದ್ದಳು.

ಮರುದಿನ ನೀಲಿ ಕೋಣೆಯಲ್ಲಿ ಅರ್ಜಿಯನ್ನು ಪೂರ್ತಿ ತುಂಬಿಸಿ ಟ್ಯಾಬಿನಲ್ಲೇ ಉಳಿಸಿಟ್ಟೆ. ಸಿಗ್ನಲ್ ಬಂದೊಡನೆ ಕಳಿಸುವುದೊಂದೇ ಬಾಕಿ. ಪಾಲಕರ ಹೆಸರು ಎಂಬಲ್ಲಿಗೆ ಬಂದಾಗ, "ಆಯಿ, ನನ್ನ ಹೆಸರು ಹಾಕಲೇನು? ನಿನಗ ವಯಸ್ಸಾತು" ಎಂದೆ.

"ಯಾಕ, ನನಗೇನು ಹೆಸರಿಲ್ಲೇನು? ನನ್ನ ಮಗನ ಮಗಳು. ನಂದs ಹಾಕು." ಸೆರಗು ಸರಿ ಮಾಡಿಕೊಂಡು, ಫೋಟೋಕ್ಕೆ ಎದೆ ಉಬ್ಬಿಸಿ ಕೂತಳು. "ಹಲ್ಲು ಕಾಣಸ್ಬೇಕೇನು?"

"ಇದ್ದರ ಕಾಣಸು" ಎಂದೆ. ಭೀಮಿ ನಕ್ಕಳು. ಫೋಟೋದಲ್ಲಿ ತಿಪ್ಪವ್ವನೂ ನಗುತ್ತಿದ್ದಾಳೆ. ಆ ಫೋಟೋ ಈಗಲೂ ಟ್ಯಾಬಿನಲ್ಲಿದೆ.

ಇನ್ನು ಊರಿನಲ್ಲಿ ಯಾರಾದರೂ ಸಾಯುವುದೊಂದೇ ಬಾಕಿ. ಆದರೆ ಆ ವರ್ಷ ಯಾರೂ ಸಾಯಲಿಲ್ಲ. ಮಳೆಗಾಲದ ಜ್ವರ ಬಂದು ಹೋಯಿತು, ಯಾರನ್ನೂ ಕರೆದುಕೊಂಡು ಹೋಗಲಿಲ್ಲ. ಚಳಿಗೆ ಉಬ್ಬಸದವರು ರಾತ್ರಿಯಿಡೀ ಕೆಮ್ಮಿ ಮುಂಜಾನೆ ಎದ್ದು ಚಹಾ ಕೇಳಿದರು. ಬೇರೆ ಊರಿನಲ್ಲಾದರೆ ಇದನ್ನು ದೇವರ ದಯೆ ಎನ್ನುತ್ತಿದ್ದರು. ನಮ್ಮಲ್ಲಿ ರೇಷನ್ನಿನ ಹೆಬ್ಬೆಟ್ಟು ನಿಂತಿತು, ಪಿಂಚಣಿ ನಿಂತಿತು, ಹುಡುಗರ ಪರೀಕ್ಷೆಯ ಅರ್ಜಿಗಳು ನಿಂತವು. ಒಲೆಗಳು ಒಂದು ಹೊತ್ತಿಗೆ ಇಳಿದವು. ಬಾಯಿ ಬಿಟ್ಟು ಯಾರೂ ಏನನ್ನೂ ಅನ್ನಲಿಲ್ಲ. ಆದರೆ ವಯಸ್ಸಾದವರನ್ನು ನೋಡುವ ನೋಟ ಬದಲಾಯಿತು. ಒಬ್ಬ ಮುದುಕ ಎಡವಿ ಬಿದ್ದರೆ ಎತ್ತಲು ಹತ್ತು ಕೈ ಬರುತ್ತಿದ್ದವು, ಆ ಕೈಗಳಲ್ಲಿ ಅರ್ಧದಷ್ಟು ಮೊದಲು ಜೇಬಿನ ಫೋನು ಮುಟ್ಟಿ ನೋಡಿಕೊಳ್ಳುತ್ತಿದ್ದವು.

ತಿಪ್ಪವ್ವ ತನ್ನ ಕಟ್ಟೆಯ ಮೇಲೆ ಕೂತು ಇದೆಲ್ಲ ನೋಡಿ ನಗುತ್ತಿದ್ದಳು. "ಮೊದಲ ನನ್ನ ಯಾವ ನಾಯಿನೂ ಕೇಳ್ತಿದ್ದಿಲ್ಲ. ಈಗ ನೋಡು, ಹೋಗೂರು ಬರೂರು ಎಲ್ಲಾರೂ ಹೆಂಗದೀ ಆಯಿ ಅಂತಾರ. ಆರಾಮ ಅದೀನೋ ಯಪ್ಪಾ ಅಂದ್ರ ಮಾರಿ ಸಣ್ಣ ಆಗತೈತಿ. ನನಗs ಪಾಪ ಅನಸ್ತೈತಿ." ಹಾಗೆನ್ನುತ್ತ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಭೀಮಿಯ ಕಡೆ ನೋಡುತ್ತಿದ್ದಳು. ಹುಡುಗಿ ಈಗ ಕಲ್ಲನ್ನು ಕಣ್ಣಿನಿಂದ ಆರಿಸುತ್ತಿರಲಿಲ್ಲ, ಬೆರಳಿನಿಂದ ಆರಿಸುತ್ತಿದ್ದಳು. ಅದು ನನಗೂ ಕಾಣುತ್ತಿತ್ತು, ತಿಪ್ಪವ್ವನಿಗೂ ಕಾಣುತ್ತಿತ್ತು.

ಬೇಸಿಗೆ ಶುರುವಾಗುವ ಹೊತ್ತಿಗೆ ಮೃದುಲಾ ಮೇಡಂ ಬಂದರು. ಸಮುದ್ರದಾಚೆಯ ಇಬ್ಬರು ಹಿರಿಯರೂ ಜೊತೆಗಿದ್ದರು. ನೀಲಿ ಕೋಣೆಯ ಮುಂದೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ಕೈಗೆ ಒಂದೊಂದು ಟ್ಯಾಬು ಕೊಟ್ಟು, ನಗಿರಿ ಎಂದು ಫೋಟೋ ತೆಗೆದರು. ಅವರು ಕಾರು ಹತ್ತಿದ ಮೇಲೆ ಮೇಡಂ ನನ್ನನ್ನು ಬದಿಗೆ ಕರೆದರು.

"ಕಸ್ತೂರಿಯವರೇ, ಈ ಸೆಂಟರ್ ಮುಂದುವರಿಸೋದು ಕಷ್ಟ. ಇಷ್ಟು ತಿಂಗಳಿಂದ ಇಲ್ಲಿಂದ ಒಂದು ಅರ್ಜೀನೂ ಹೋಗಿಲ್ಲ. ಮೇಲಿನವರು ನಿಮ್ಮ ಊರಿನ ಜನಕ್ಕೆ ಆಸಕ್ತಿ ಇಲ್ಲ ಅಂತಿದ್ದಾರೆ."

ನನಗೆ ಮೈಯೆಲ್ಲ ಉರಿಯಿತು. "ಆಸಕ್ತಿ ಇಲ್ಲಂತ ಹೇಳಬ್ಯಾಡ್ರಿ ಮೇಡಂ. ಯಾರೂ ಸತ್ತಿಲ್ಲಂತ ಹೇಳ್ರಿ."

"ಅದನ್ನ ರಿಪೋರ್ಟಲ್ಲಿ ಹೇಗೆ ಬರೀಲಿ?" ಅವರ ಕಣ್ಣಲ್ಲಿ ನೀರು ಬಂದಿತ್ತು. "ಟ್ಯಾಬುಗಳನ್ನ ಮುಂದಿನ ವಾರ ಬಂದು ತಗೊಂಡು ಹೋಗ್ತಾರೆ. ಅಷ್ಟರೊಳಗೆ ಆ ಹುಡುಗಿ ಕೆಲಸ ಆದ್ರೆ..." ಮುಂದೆ ಏನು ಹೇಳಲಿದ್ದಾರೆಂದು ಅವರಿಗೇ ಹೊಳೆದು, ಬಾಯಿ ಮುಚ್ಚಿಕೊಂಡರು.

ಇದನ್ನೆಲ್ಲ ಚಾವಡಿಯ ಕಟ್ಟೆಯ ಮೇಲೆ ಕೂತಿದ್ದ ತಿಪ್ಪವ್ವ ಕೇಳಿಸಿಕೊಂಡಳು. ಅವತ್ತಿನಿಂದ ಅವಳು ಅನ್ನ ಮುಟ್ಟಲಿಲ್ಲ. ಹಸಿವಿಲ್ಲ ಅನ್ನುವಳು, ಬಟ್ಟಲನ್ನು ಭೀಮಿಯ ಕಡೆ ಸರಿಸುವಳು. ನಾನು ಗಂಜಿ ಕಾಸಿಕೊಂಡು ಹೋಗಿ ಜೋರು ಮಾಡಿದರೆ ಒಂದೆರಡು ಗುಟುಕು ಕುಡಿದು, "ಸಾಕು ಬಿಡವಾ, ಎಷ್ಟಂತ ತುಂಬಸ್ತಿ ಈ ಹರಕು ಚೀಲಾ" ಅನ್ನುವಳು. ಕಾಯಿಲೆಯೇನೂ ಇರಲಿಲ್ಲ. ಮುಖದಲ್ಲಿ ದುಃಖವೂ ಇರಲಿಲ್ಲ. ಊರಿಗೆ ಹೊರಟವರಂತೆ ಪಾತ್ರೆ ಪಗಡ ತೊಳೆದು ಬೋರಲು ಹಾಕಿದಳು, ಭೀಮಿಯ ಲಂಗಗಳಿಗೆಲ್ಲ ಗುಂಡಿ ಹಚ್ಚಿದಳು. ಒಂದು ಸಂಜೆ ನನ್ನನ್ನು ಕರೆದು, "ಕಸ್ತೂರಿ, ನಾಳೆ ಮುಂಜಾನೆ ನಿನ್ನ ಆ ಹಲಗಿ ಚಾರ್ಜ್ ಮಾಡ್ಕೊಂಡು ಬಾ. ಪೂರ್ತಿ ಮಾಡು. ಅರ್ಧಕ್ಕ ನಿಂತ್ರ ನನ್ನ ಬೈಬ್ಯಾಡ" ಅಂದಳು.

"ಹುಚ್ಚುಚ್ಚಾರ ಮಾತಾಡಬ್ಯಾಡ ಆಯಿ."

"ಹುಚ್ಚೇನೈತಿ ಇದರಾಗ? ನನಗ ವಯಸ್ಸಾತು ಅಂತ ನೀನs ಅಂದಿದ್ದಿ. ಹುಡುಗಿ ಅರ್ಜಿ ಮೊದಲ ಕಳಸು. ಆಮ್ಯಾಲೆ ದಸ್ತಗೀರಗ ಹೇಳು, ಊರ ಮಂದೀದು ಒಬ್ಬರದೂ ಬಿಡಬ್ಯಾಡ ಅಂತ. ಎಲ್ಲಾರದೂ ಮುಗಿಯೂತನಕ ನನ್ನ ಎತ್ತಬ್ಯಾಡ್ರಿ. ನನಗೇನು ಅವಸರಿಲ್ಲ." ಅಷ್ಟು ಹೇಳಿ ನನ್ನ ಗಲ್ಲ ಹಿಂಡಿ ನಕ್ಕಳು. ತಿಪ್ಪವ್ವನ ಚೇಷ್ಟೆ ಯಾವುದು, ಖರೆ ಯಾವುದು ಎಂದು ಹೇಳುವುದು ಯಾವತ್ತೂ ಸುಲಭವಿರಲಿಲ್ಲ. ನಾನು ಬೈದು ಎದ್ದು ಬಂದೆ. ಆದರೂ ಬಂದವಳೇ ಟ್ಯಾಬನ್ನು ಚಾರ್ಜಿಗೆ ಹಾಕಿದೆ.

ಮುಂಜಾನೆ ಹೋದಾಗ ಅವಳು ಸ್ನಾನ ಮಾಡಿ, ಇಳಕಲ್ಲಿನ ಹಳೆಯ ಸೀರೆ ಉಟ್ಟು, ಪಡಸಾಲೆಯಲ್ಲಿ ಬಾಗಿಲಿಗೆ ಸಮೀಪ ಚಾಪೆ ಹಾಸಿ ಮಲಗಿದ್ದಳು. ಮಂಚ ಒಳಗಿದ್ದರೂ ಅಲ್ಲಿ ಮಲಗಿದ್ದಳು. ನಮ್ಮಲ್ಲಿ ಹೆಣ ಇಡುವ ಜಾಗ ಅದು. "ಏಳು ಆಯಿ, ಇದೇನು ಅವತಾರ?" ಎಂದೆ. "ಇಲ್ಲಿ ಗಾಳಿ ಬರತೈತಿ" ಅಂದು ಕಣ್ಣು ಮುಚ್ಚಿದಳು. ಉಸಿರಾಡುತ್ತಿದ್ದಳು. ಇವಳ ನಾಟಕ ಎಂದುಕೊಂಡು ನಾನು ಒಳಗೆ ಹೋಗಿ ಒಲೆ ಹೊತ್ತಿಸಿ ಚಹಾಕ್ಕೆ ನೀರಿಟ್ಟೆ. ಭೀಮಿ ಹೊಸ್ತಿಲಲ್ಲಿ ಕೂತು, ಅಜ್ಜಿಯ ಫೋನನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದಳು. ಆ ತಿಂಗಳುಗಳಲ್ಲಿ ಅದನ್ನು ಹಾಗೆ ಹಿಡಿದು ಕೂರುವುದು ಅವಳಿಗೆ ರೂಢಿಯಾಗಿತ್ತು. ಗೆರೆಗಳು ಕಾಣದಿದ್ದರೂ ನಡುಕ ಗೊತ್ತಾಗುತ್ತದಲ್ಲ ಎನ್ನುತ್ತಿದ್ದಳು.

ನೀರು ಕುದಿ ಬರುವ ಮೊದಲೇ ಅವಳು ಕೂಗಿದಳು. "ಚಿಗವ್ವಾ! ಬಂತು! ಸಿಗ್ನಲ್ ಬಂತು! ಆಯಿ, ಏಳ, ಸಿಗ್ನಲ್ ಬಂತು!"

ಆ ದನಿಯಲ್ಲಿದ್ದ ಖುಷಿ ಈಗಲೂ ನನ್ನ ಕಿವಿಯಲ್ಲಿದೆ. ನಾನು ಓಡಿ ಬರುವಷ್ಟರಲ್ಲಿ ಅವಳು ಚಾಪೆಯ ಹತ್ತಿರ ಮಂಡಿಯೂರಿ ಅಜ್ಜಿಯ ಭುಜ ಅಲುಗಿಸುತ್ತಿದ್ದಳು. ಆಮೇಲೆ ಅಲುಗಿಸುವುದನ್ನು ನಿಲ್ಲಿಸಿದಳು. ಅವಳ ಕೈಯಲ್ಲಿದ್ದ ಫೋನು ಗುಂಯ್‌ಗುಟ್ಟುತ್ತಲೇ ಇತ್ತು.

ಮೊದಲ ಅಳು ಎಂದು ನನಗೆ ಹೇಳಿಕೊಟ್ಟವಳು ಅಲ್ಲಿ ಮಲಗಿದ್ದಳು. ನಾನು ಅಳಲಿಲ್ಲ. ಟ್ಯಾಬು ತೆಗೆದೆ. ಹಾಗೆ ಮಾಡು ಎಂದು ಅವಳೇ ಹೇಳಿದ್ದಳಲ್ಲ. ಅಂಗಳ ತುಂಬತೊಡಗಿತ್ತು. ದಸ್ತಗೀರಸಾಬರು ಬಂದು ತಿಪ್ಪವ್ವನ ಕಾಲು ಮುಟ್ಟಿ ನಮಸ್ಕರಿಸಿ, ಬಾಗಿಲಲ್ಲಿ ನಿಂತು, "ಯಾರೂ ಮುಟ್ಟಬ್ಯಾಡ್ರಿ. ಮೊದಲ ಹುಡುಗೀದು" ಅಂದರು. ಹಸಿದ ಜನ, ತಿಂಗಳುಗಟ್ಟಲೆ ಕಾದ ಜನ, ಒಬ್ಬರೂ ಎದುರಾಡಲಿಲ್ಲ. ತಮ್ಮ ಫೋನುಗಳನ್ನು ಆಫ್ ಮಾಡಿಕೊಂಡು ನಿಂತರು, ನನ್ನ ಟ್ಯಾಬಿಗೆ ಸಿಗ್ನಲ್ ಚೆನ್ನಾಗಿ ಸಿಗಲಿ ಎಂದು.

ಎಂದಿನಂತೆ ಅದು ಮೊದಲು ಅಪ್‌ಡೇಟ್ ಕೇಳಿತು. ಕೊಟ್ಟೆ. ಹೊಸ ರೂಪದಲ್ಲಿ ತೆರೆದುಕೊಂಡಿತು. ಉಳಿಸಿಟ್ಟ ಅರ್ಜಿ ಹಾಗೇ ಇತ್ತು. ಕಳಿಸು ಎಂಬುದನ್ನು ಒತ್ತಿದೆ. ಅಜ್ಜಿಯ ಫೋನಿಗೆ ಒಟಿಪಿ ಬಂತು, ಹಾಕಿದೆ. ಮುಂದಿನ ಪರದೆ ಬಂತು. ಅದು ಮೊದಲಿನ ಅರ್ಜಿಯಲ್ಲಿ ಇರಲಿಲ್ಲ. ಒಂದು ದುಂಡನೆಯ ಚೌಕಟ್ಟು, ಅದರ ಕೆಳಗೆ ಬರಹ: 'ಪಾಲಕರ ಮುಖವನ್ನು ಚೌಕಟ್ಟಿನೊಳಗೆ ಹಿಡಿಯಿರಿ. ಕಣ್ಣು ಮಿಟುಕಿಸಿ.'

ಅದನ್ನು ನಾನು ಮನಸ್ಸಿನಲ್ಲೇ ಎಷ್ಟು ಸಲ ಓದಿದೆನೋ. ದಸ್ತಗೀರಸಾಬರು, "ಯಾಕವಾ, ನಿಂತತೇನು?" ಎಂದು ಬಗ್ಗಿ ನೋಡಿದರು. ಅವರಿಗೆ ಓದಲು ಬರುವುದಿಲ್ಲ. ಆದರೆ ಆ ಚೌಕಟ್ಟನ್ನು ಪಿಂಚಣಿಗಾಗಿ ವರ್ಷಕ್ಕೊಮ್ಮೆ ನೋಡಿದವರು. ಬಾಗಿಲಿಗೆ ಒರಗಿ ನಿಂತರು. ಇಡೀ ಜಗತ್ತಿನಲ್ಲಿ ನಮ್ಮ ಊರಿನವರು ಮಾತ್ರ ಮಾಡಬಹುದಾದ ತಪ್ಪನ್ನು ತಿಪ್ಪವ್ವ ಮಾಡಿದ್ದಳು. ಅರ್ಜಿಗೆ ತನ್ನ ಹೆಸರನ್ನೂ ಕೊಟ್ಟಳು, ಅದನ್ನು ಕಳಿಸಲು ತನ್ನ ಜೀವವನ್ನೂ ಕೊಟ್ಟಳು. ಎರಡೂ ಒಬ್ಬರಿಂದಲೇ ಆಗದೆಂದು ಅವಳಿಗೆ ಗೊತ್ತಿರಲಿಲ್ಲ, ನಮಗ್ಯಾರಿಗೂ ಗೊತ್ತಿರಲಿಲ್ಲ.

ಪಾಲಕರನ್ನು ಬದಲಿಸುವ ದಾರಿ ಹುಡುಕಿದೆ. ಸಿಕ್ಕಿತು. ನನ್ನ ಹೆಸರು ಹಾಕಿ, ನನ್ನ ಮುಖ ಹಿಡಿದು, ಕಣ್ಣು ಮಿಟುಕಿಸಿದೆ. ಆಗ ಮಾತ್ರ ಕಣ್ಣೀರು ಬಂತು. ಕಣ್ಣು ಒದ್ದೆಯಾಗಿದೆಯೆಂದೋ ಏನೋ ಯಂತ್ರ ಮತ್ತೆ ಮತ್ತೆ ಮಿಟುಕಿಸಲು ಹೇಳಿತು. ಕೊನೆಗೆ ಒಪ್ಪಿಕೊಂಡಿತು. 'ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ. ಉತ್ತರಕ್ಕಾಗಿ ನಿಮ್ಮ ನೋಂದಾಯಿತ ವಾಸಸ್ಥಳದಲ್ಲೇ ಸಂಪರ್ಕದಲ್ಲಿರಿ.'

"ಸಂಪರ್ಕದಾಗ ಇರೂದಂದ್ರ?" ಭೀಮಿ ಕೇಳಿದಳು. ಆ ತನಕ ಅವಳು ಅಜ್ಜಿಯ ಕೈ ಬಿಟ್ಟಿರಲಿಲ್ಲ.

ದಸ್ತಗೀರಸಾಬರು ಹೊರಗಿನವರ ಸರದಿ ಶುರು ಮಾಡಿಸಿದರು. ಅವತ್ತು ಇಡೀ ಊರು ಹೆಬ್ಬೆಟ್ಟು ಒತ್ತಿತು, ಮುಖ ತೋರಿಸಿತು, ಹುಡುಗರು ಅರ್ಜಿ ಕಳಿಸಿದರು. ತಿಪ್ಪವ್ವ ಹೇಳಿದ್ದಂತೆ ಒಬ್ಬರದೂ ಬಿಡಲಿಲ್ಲ. ನಮ್ಮದಕ್ಕೆ ಮಾತ್ರ ಉತ್ತರ ಬರಲಿಲ್ಲ. ಹೊತ್ತು ಇಳಿದಾಗ ಊರಿನವರು ತಾವೇ ಮಾತಾಡಿಕೊಂಡು ಬಂದರು. ಎತ್ತುವುದು ಬೇಡ, ನಾಳೆಯವರೆಗೆ ಇಡೋಣ, ಐಸು ತರಿಸೋಣ ಎಂದರು. ತರಿಸಿದರು. ಮರುದಿನವೂ ಇಟ್ಟೆವು. ಬೇಸಿಗೆಯ ಬಿಸಿಲು. ಐಸು ಕರಗಿ ನೀರು ಅಂಗಳಕ್ಕೆ ಹರಿಯಿತು. ಹೆಂಗಸರು ಊದುಬತ್ತಿ ಹಚ್ಚಿದರು, ಆಮೇಲೆ ಲೋಬಾನ ಹಾಕಿದರು, ಆಮೇಲೆ ಯಾವುದೂ ಸಾಲದಾಯಿತು. ಜನ ಸರದಿಯ ಮೇಲೆ ಬಂದು ಕೂರುತ್ತಿದ್ದರು, ಯಾರೂ ಮೂಗಿಗೆ ಬಟ್ಟೆ ಹಿಡಿಯಲಿಲ್ಲ. ಆ ಮರ್ಯಾದೆಯನ್ನು ನಾನು ಸಾಯುವವರೆಗೆ ಮರೆಯಲಾರೆ. ಟ್ಯಾಬಿನ ಮೇಲೆ ಮಾತ್ರ ಅದೇ ಬರಹ.

ಮೂರನೆಯ ದಿನ ಮಧ್ಯಾಹ್ನ ಭೀಮಿ ಎದ್ದು ನಿಂತಳು. "ಎತ್ತರಿ" ಅಂದಳು.

"ಇನ್ನೊಂದು ದಿನ ನೋಡೂಣು ಬೇಟಾ" ಎಂದರು ದಸ್ತಗೀರಸಾಬರು. "ಆಕಿಗೆ ಅವಸರಿಲ್ಲ ಅಂತ ಹೇಳ್ಯಾಳ."

"ನನಗ ಆಯಿ ಮಾರಿ ಸರಿಯಾಗಿ ಕಾಣವಲ್ದು ಕಾಕಾ. ಆದ್ರ ವಾಸನಿ ಬರತೈತಿ. ನಾ ಆಕೀನ ಈ ವಾಸನಿಲೆ ನೆನಪಿಟ್ಕೊಳ್ಳಲೇನು? ಎತ್ತರಿ."

ಎತ್ತಿದರು. ಹೊಸ್ತಿಲು ದಾಟುವಾಗ ನಾನು ಟ್ಯಾಬಿನ ಮೇಲೆಯೇ ಕಣ್ಣು ನೆಟ್ಟಿದ್ದೆ. ಗೆರೆಗಳು ಒಂದೊಂದಾಗಿ ಇಳಿದು ಹೋದವು. ಕುಣಿಗೆ ಇಡೀ ಊರು ಮಣ್ಣು ಹಾಕಿತು. ತಿಪ್ಪವ್ವನ ಗೋರಿಯೇ ಈಗ ನಮ್ಮ ಊರಿನಲ್ಲಿ ಎಲ್ಲಕ್ಕಿಂತ ಎತ್ತರ. ಭೀಮಿಯ ಸರದಿ ಬಂದಾಗ ಕುಣಿ ಎಲ್ಲಿದೆ ಎಂದು ಅವಳಿಗೆ ಕಾಣಲಿಲ್ಲ. ನಾನು ಮೊಣಕೈ ಹಿಡಿದು ತೋರಿಸಿದೆ.

ಆ ವಾರ ಸಂಸ್ಥೆಯವರು ಬಂದು ಟ್ಯಾಬುಗಳನ್ನು ಒಯ್ದರು. ನನ್ನದೊಂದನ್ನು ಕಳೆದುಹೋಯಿತೆಂದು ಬರೆಸಿಕೊಂಡು ಮೇಡಂ ಬಿಟ್ಟುಹೋದರು. ನೀಲಿ ಕೋಣೆಗೆ ಬೀಗ ಬಿತ್ತು. ಗೋಡೆಯ ಮೇಲಿನ ಮಕ್ಕಳು ಸುಣ್ಣದ ಧೂಳಿನಲ್ಲಿ ಮಾಸುತ್ತಿದ್ದಾರೆ. ಭೀಮಿ ನನ್ನ ಜೊತೆಗೇ ಇದ್ದಾಳೆ. ಬೇಸಿಗೆ ಮುಗಿಯುವುದರೊಳಗೆ ಎಡಗಣ್ಣೂ ಹೋಯಿತು. ಬೆಳಕು ಯಾವ ಕಡೆ ಇದೆ ಎಂದು ಮಾತ್ರ ಹೇಳಬಲ್ಲಳು. ನಮ್ಮ ಅರ್ಜಿಗೆ ಉತ್ತರ ಬಂದಿರಬಹುದು, ಟವರಿನ ಮೇಲೆ ಎಲ್ಲೋ ಕಾಯುತ್ತಿರಬಹುದು. ಆಪರೇಷನ್ನಿಗೆ ಇನ್ನೂ ಹೊತ್ತಿದೆಯೋ ಇಲ್ಲವೋ ಎಂದು ಕೇಳುವುದಕ್ಕೂ ಈ ಊರಿನಲ್ಲಿ ಒಬ್ಬರು ಸಾಯಬೇಕು. ಈಗ ಪಾಲಕಿ ನಾನು. ಎಷ್ಟೋ ವರ್ಷದ ಸುಣ್ಣದ ಧೂಳು ಎದೆಯಲ್ಲಿ ಕೂತು, ನನಗೂ ಕೆಮ್ಮು ಹತ್ತಿದೆ. ಬೀದಿಯಲ್ಲಿ ಜನ ನನ್ನನ್ನು, ಹೆಂಗದೀಯವಾ ಕಸ್ತೂರಿ ಎಂದು ಕೇಳಲು ಶುರು ಮಾಡಿದ್ದಾರೆ.

ಮೊನ್ನೆ ಮಧ್ಯಾಹ್ನ ಊಟ ಮಾಡಿ ಪಡಸಾಲೆಯಲ್ಲಿ ಅಡ್ಡಾಗಿದ್ದೆ. ಕೆಮ್ಮು ಬಂತು. ಭೀಮಿ ತಡವರಿಸುತ್ತ ಮಾಡದ ಹತ್ತಿರ ಹೋಗಿ, ಫೋನು ಹುಡುಕಿ, ಒತ್ತಿ ಹಿಡಿದು ಆರಿಸಿದಳು. ಟ್ಯಾಬನ್ನೂ ಆರಿಸಿದಳು. ನಾನು ಮಲಗಿದಾಗಲೆಲ್ಲ ಅವಳು ಹೀಗೆ ಮಾಡುವುದನ್ನು ಕೆಲವು ದಿನಗಳಿಂದ ನೋಡುತ್ತಿದ್ದೆ.

"ಯಾಕ ಆರಸ್ತಿ? ಚಾಲೂ ಇರಲಿ ಬಿಡು. ಏನಾರ ಬಂದ್ರ ಗೊತ್ತಾಗತೈತಿ."

"ಬ್ಯಾಡ ಚಿಗವ್ವ." ನನ್ನ ತಲೆಯ ಹತ್ತಿರ ಬಂದು ಕೂತಳು. "ಚಾಲೂ ಇದ್ರ ನನ್ನ ಕಿವಿ ಅದರ ಕಡೆನ ಇರತೈತಿ. ಗುಂಯ್ ಅಂದ ಕೂಡ್ಲೆ ಮೊದಲ ಖುಷಿ ಆಗತೈತಿ ನೋಡು. ಏನಾತು ಅಂತ ಆಮ್ಯಾಲೆ ತಿಳಿತೈತಿ. ಅವತ್ತೂ ಹಂಗs ಆಗಿತ್ತು. ಆಯಿ ಕೈ ಇನ್ನಾ ಬೆಚ್ಚಗಿತ್ತು, ಚಿಗವ್ವ. ನನಗ ಖುಷಿ ಆಗಿತ್ತು."

ಅವಳನ್ನು ಎಳೆದು ಪಕ್ಕಕ್ಕೆ ಮಲಗಿಸಿಕೊಂಡೆ. ನಾನು ಕಣ್ಣು ಮುಚ್ಚಿದಾಗ ಅವಳ ಕೈ ನನ್ನ ಮುಖದ ಮೇಲೆ ತಡಕಾಡಿ, ಮೂಗಿನ ಕೆಳಗೆ ಬಂದು ನಿಂತಿತು. ಉಸಿರು ಬೆರಳಿಗೆ ತಾಗುವಷ್ಟು ಹತ್ತಿರ. ನನಗೆ ನಿದ್ದೆ ಹತ್ತುವವರೆಗೂ ಅದು ಅಲ್ಲೇ ಇತ್ತು.